ನಾನು ನಿನ್ನ ಕೈಗೆ ಕೊಡದ ಕೂಸು

ಸವಿತಾ, ಆ ದಿನ ನಾನು ಸೃಷ್ಟಿಯನ್ನು ನಿನ್ನ ಕೈಗೆ ಕೊಟ್ಟಿರಲಿಲ್ಲ. ಕೊಟ್ಟಿದ್ದೆ ಎಂದು ಎಲ್ಲರ ಮುಂದೆ ಹೇಳಿದ್ದು ಸುಳ್ಳು. ಎಂಟು ವರ್ಷ ಆ ಸುಳ್ಳನ್ನು ನೀನು ಹೊತ್ತೆ — ನಾನು ನೋಡುತ್ತ ಸುಮ್ಮನಿದ್ದೆ.

ಹುಬ್ಬಳ್ಳಿ ಹತ್ತಿರದ ಆಟದ ಪಾರ್ಕಿಗೆ ಇಳಕಲ್ಲಿನಿಂದ ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿಕೊಂಡು ಹೋಗಿದ್ದೆವು. ಅತ್ತೆ ನಮ್ಮಿಬ್ಬರು ಸೊಸೆಯರಿಗೂ ಒಂದೇ ಥರದ ಇಳಕಲ್ ಸೀರೆ ಉಡಿಸಿದ್ದರು. ಹಡಗಿನ ಜೋಕಾಲಿ ಏರುವ ದಿನ ಯಾರಾದರೂ ಸೀರೆ ಉಡುತ್ತಾರೆಯೇ ಎಂದು ನಾವಿಬ್ಬರೂ ನಕ್ಕಿದ್ದು ನಿನಗೆ ನೆನಪಿರಬೇಕು. ಗಂಡಸರು ಒಟ್ಟಿಗೇ ಏರಿದರು, ಒಟ್ಟಿಗೇ ಇಳಿದರು. ಮಕ್ಕಳನ್ನು ಹಿಡಿದು ನಿಲ್ಲುವವರು ನಾವು. ಮೂರು ವರ್ಷದ ನನ್ನ ಸೃಷ್ಟಿಯನ್ನು ಹಡಗಿಗೆ ಬಿಡುವುದಿಲ್ಲ, ನಿನ್ನ ಮಗನಿಗಿನ್ನೂ ಆರು ತಿಂಗಳು. ಅದಕ್ಕೇ ಪಾಳಿ ಮಾಡಿಕೊಂಡೆವು — ಒಬ್ಬಳು ಏರಿದರೆ ಇನ್ನೊಬ್ಬಳು ಎರಡೂ ಮಕ್ಕಳನ್ನು ನೋಡುವುದು. ಹಿರಿಯ ಸೊಸೆ ಎಂದುಕೊಂಡು ಮೊದಲ ಪಾಳಿ ನಾನೇ ತೆಗೆದುಕೊಂಡೆ.

ಹಡಗು ಮೇಲೇರಿ ಒಂದು ಕ್ಷಣ ನಿಂತಾಗ ಬಾಯಿಬಿಟ್ಟು ಕೂಗಿದೆ. ಮದುವೆಯಾದ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಇಳಿದರೂ ಮೈಯಲ್ಲಿ ಆ ಗಾಳಿ ಇತ್ತು, ಇನ್ನೊಮ್ಮೆ ಬೇಕು ಅನಿಸಿತು. ಆದರೆ ಈಗ ನಿನ್ನ ಪಾಳಿ.

ನಿನ್ನ ಕೂಸು ಅಳುತ್ತಿತ್ತು. "ಹಾಲು ಕುಡಿಸಿ ಬರ್ತೇನ್ರಿ ಅಕ್ಕಾ, ಆಮ್ಯಾಲ ನಾ ಹತ್ತತೇನಿ," ಎಂದು ನೀನು ಹತ್ತು ಹೆಜ್ಜೆ ಆಚೆಯ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತೆ. ಅಷ್ಟರಲ್ಲಿ ಹಡಗಿನವನು ಗೇಟು ಹಾಕುವುದಕ್ಕೆ ಬಂದ. ಒಂದೇ ಸೀಟು ಉಳಿದಿತ್ತು.

ನಾನು ನಿನ್ನನ್ನು ಕರೆಯಲಿಲ್ಲ. ಕರೆದಿದ್ದರೆ ನೀನು ತಿರುಗುತ್ತಿದ್ದೆ, ಪಾಳಿ ನಿನ್ನದೆಂದು ನನಗೂ ನೆನಪಾಗುತ್ತಿತ್ತು... ಸೃಷ್ಟಿಯ ಬೆನ್ನು ತಟ್ಟಿ, "ಅಲ್ಲಿ ಚಿಗವ್ವ ಕುಂತಾಳ, ಓಡಿ ಹೋಗಿ ಸೆರಗು ಹಿಡ್ಕೊ," ಎಂದೆ. ಸಂತೆಯಲ್ಲಿ ಮಕ್ಕಳಿಗೆ ಸೆರಗು ಹಿಡಿಸಿಯೇ ನಡೆಸುವವರು ನಾವು. ಆ ಮಾತು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಓಡಿದ್ದನ್ನು ನೋಡಿದೆ. ಮುಟ್ಟಿದ್ದನ್ನು ನೋಡಲಿಲ್ಲ. ನಾನೂ ಓಡಿದ್ದೆ — ಗೇಟಿನ ಕಡೆಗೆ.

ಅದೇ ಹೊತ್ತಿಗೆ ನಮ್ಮ ಸೀಮೆಯದೇ ಒಂದು ಬಸ್ಸಿನ ಹೆಂಗಸರು ನಡುವೆ ಹಾದುಹೋದರು. ನಮ್ಮ ಸೀರೆಯ ಮೈ ಯಾವ ಬಣ್ಣದ್ದಾದರೂ ಸೆರಗು ಕೆಂಪೇ ಅಲ್ಲವೇ? ನನ್ನ ಕೂಸು ಒಂದು ಕೆಂಪು ಸೆರಗು ಹಿಡಿದು ಅವರ ಹಿಂದೆ ನಡೆದುಬಿಟ್ಟಿತು.

ನಾನು ಇಳಿದ ಮೇಲೆ ಎಲ್ಲರೂ ಅವಳನ್ನು ಹುಡುಕಿದ ಒಂದು ತಾಸು ನಿನಗೂ ಗೊತ್ತು. ಕೊನೆಗೆ ಹೊರಗಿನ ಬಸ್ಸಿನ ಹತ್ತಿರ ಸಿಕ್ಕಳು. "ಯಾರ ಕೂಸೋ ಏನೋ ತಂಗಿ, ನನ್ನ ಸೆರಗಽ ಬಿಡವಲ್ದು," ಎಂದು ಒಬ್ಬ ಮುದುಕಿ ಅವಳಿಗೆ ಚುರುಮುರಿ ತಿನ್ನಿಸುತ್ತಿದ್ದಳು. ನನ್ನ ಜೀವ ಮರಳಿ ಬಂತು. ಬಂದ ಕೂಡಲೇ ಅದು ಮಾಡಿದ ಮೊದಲ ಕೆಲಸ ಏನು ನೋಡು — ನನ್ನ ಗಂಡ, "ಯಾರ ಕೈಯಾಗ ಬಿಟ್ಟಿದ್ದಿ?" ಎಂದು ಕೇಳಿದರು. ನಾನು ಹೇಳಿದೆ:

"ಸವಿತಾನ ಕೈಯಾಗ ಕೊಟ್ಟಽ ಹೋಗಿದ್ದೆ."

ನೀನು ನನ್ನ ಮುಖ ನೋಡಿದೆ. "ಅಕ್ಕಾ, ನೀವು ಕೊಟ್ಟದ್ದು ನನಗ ನೆನಪಽ ಇಲ್ಲಲ್ರಿ..." ಎಂದೆ. ಜಗಳಾಡಲಿಲ್ಲ. ನಾನು ಸುಳ್ಳು ಹೇಳಬಲ್ಲೆ ಎಂಬುದೇ ನಿನಗೆ ಹೊಳೆಯಲಿಲ್ಲ. ನಿನ್ನ ಮೇಲೆ ನೀನೇ ಅನುಮಾನ ಪಟ್ಟೆ. ಮರಳುವ ದಾರಿಯಲ್ಲಿ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಅತ್ತೆ, "ಇನ್ನ ಮ್ಯಾಲ ಇಕಿ ಕೈಯಾಗ ಕೂಸು ಕೊಡಬ್ಯಾಡ್ರಿ," ಎಂದರು. ನೀನು ತಲೆ ತಗ್ಗಿಸಿದೆ. ನಾನು ಚಹಾ ಕುಡಿದೆ.

ಆಮೇಲೆ ಮನೆಯಲ್ಲಿ ಯಾರೂ ನಿನ್ನ ಹತ್ತಿರ ಮಗು ಬಿಡಲಿಲ್ಲ. ನಿನ್ನ ಮಗನನ್ನೂ ಅತ್ತೆಯೇ ನೋಡಿಕೊಂಡರು. ಹೇಳೋಣ ಎಂದುಕೊಂಡಾಗಲೆಲ್ಲ ಹಬ್ಬ ಹೋಗಲಿ, ಮಾವನವರಿಗೆ ಆರಾಮಾಗಲಿ ಎಂದು ಮುಂದೂಡಿದೆ. ನೀವು ಹುನಗುಂದಕ್ಕೆ ಬೇರೆ ಮನೆ ಮಾಡಿದಾಗ ಇನ್ನು ಹೇಳಿ ಏನು ಎಂದೂ ಅಂದುಕೊಂಡೆ. ನಾಚಿಕೆಗೇಡು.

ಮೊನ್ನೆ ಫೋನಿನಲ್ಲಿ ನೀನು ಹೇಳಿದೆ — ಅಲ್ಲಿಯ ಶಾಲೆಯವರು ಸಣ್ಣ ಮಕ್ಕಳ ತರಗತಿಗೆ ನಿನ್ನನ್ನು ಕರೆದಿದ್ದಾರೆ, ಸೋಮವಾರ ಉತ್ತರ ಹೇಳಬೇಕು. ನೀನು ಆಸೆಪಟ್ಟು ಕಲಿತ ಕೆಲಸ ಅದು. "ಒಲ್ಲೆ ಅಂತೇನ್ರಿ ಅಕ್ಕಾ. ಮಂದಿ ಮಕ್ಕಳು. ನನ್ನ ಕಣ್ಣಿನ ಮ್ಯಾಲ ನನಗಽ ನಂಬಿಕಿ ಇಲ್ಲ." ಅದನ್ನು ನನಗೇ ಹೇಳಿದೆಯಲ್ಲ, ಸವಿತಾ!

ನಿನ್ನ ಕಣ್ಣು ತಪ್ಪಿರಲಿಲ್ಲ. ನಾನು ಕೊಟ್ಟದ್ದು ನಿನಗೆ ನೆನಪಿಲ್ಲ, ಏಕೆಂದರೆ ನಾನು ಕೊಡಲೇ ಇಲ್ಲ.

ಇವತ್ತು ಬೆಳಿಗ್ಗೆ ಸೃಷ್ಟಿಗೆ ಹೇಳಿದೆ. ಹನ್ನೊಂದು ವರ್ಷದ ಹುಡುಗಿ, ಚಿಗವ್ವನೇ ತನ್ನನ್ನು ಕಳೆದುಕೊಂಡಿದ್ದಳು ಎಂದು ನಂಬಿ ಬೆಳೆದವಳು. "ಚಿಗವ್ವನ ಮ್ಯಾಲ ಯಾಕ ಹಾಕಿದಿ?" ಎಂದು ಕೇಳಿದಳು. ಹೆದರಿದ್ದೆ ಎಂದೆ. ಅದು ಸಾಕಾಗುವ ಉತ್ತರವಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಭಾನುವಾರ ನೀವೆಲ್ಲ ಊಟಕ್ಕೆ ಬರುತ್ತೀರಿ. ಈ ಹಾಳೆಯನ್ನು ನಿನ್ನ ಚೀಲದಲ್ಲಿ ಗುಟ್ಟಾಗಿ ಇಟ್ಟು ತಪ್ಪಿಸಿಕೊಳ್ಳುವುದಿಲ್ಲ. ಅತ್ತೆಯ ಮುಂದೆ, ನನ್ನ ಗಂಡನ ಮುಂದೆ, ನಿನ್ನ ಮಗನ ಮುಂದೆ ನಾನೇ ಓದುತ್ತೇನೆ. ಅವರು ಏನೆಂದರೂ ಅನ್ನಲಿ. ನೀನು ಕ್ಷಮಿಸು ಎಂದು ಕೇಳುವುದಿಲ್ಲ. ನನ್ನ ಜೊತೆ ಮಾತು ಬಿಟ್ಟರೂ ನಿನ್ನದೇ ಸರಿ.

ಸೋಮವಾರ ಮಾತ್ರ ಆ ಶಾಲೆಗೆ ಹೋಗಿ, ಬರುತ್ತೇನೆ ಎಂದು ಹೇಳಿ ಬಾ.