ಊಟಕ್ಕೆ ಕರೆಯುತ್ತಿದ್ದ ಛತ್ರಿ ರೆಕಾರ್ಡ್

ನಾನು ಚಿಕ್ಕವಳಿದ್ದಾಗ ಸಿಂದಗಿಯ ಸುತ್ತಿನ ಹಳ್ಳಿಗಳಲ್ಲಿ ಮದುವೆಯ ಊಟಕ್ಕೆ ಯಾರೂ ಬಾಯಿಬಿಟ್ಟು ಕರೆಯುತ್ತಿರಲಿಲ್ಲ. ಬೇವಿನ ಗಿಡಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ ಸಿನಿಮಾ ಹಾಡು ನಿಂತು ಒಂದು ಇಂಗ್ಲಿಷ್ ಹಾಡು ಶುರುವಾಯಿತೆಂದರೆ ಮೊದಲ ಪಂಕ್ತಿ ಕೂರುತ್ತಿದೆ ಎಂದೇ ಅರ್ಥ. ಯಂಕಂಚಿಯಲ್ಲಿ ಹೊಲದಲ್ಲಿದ್ದವರು ಕುಡುಗೋಲು ಬಿಟ್ಟು, ತಾಂಬಾದಲ್ಲಿ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರು ಆಟ ಅರ್ಧಕ್ಕೇ ಬಿಟ್ಟು, ಕೈಕಾಲು ತೊಳೆದುಕೊಂಡು ಬಂದುಬಿಡುತ್ತಿದ್ದರು. ಹಾಡಿನ ಒಂದು ಶಬ್ದವೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅದು ಕಿವಿಗೆ ಬಿದ್ದರೆ ಗೋಧಿ ಹುಗ್ಗಿಯ ವಾಸನೆ ಮೂಗಿಗೆ ಬರುತ್ತಿತ್ತು. ನನಗೆ ಈಗಲೂ ಬರುತ್ತದೆ.

ಆ ಏರ್ಪಾಡು ನನ್ನ ಸೋದರಮಾವನದು. ಸಿಂದಗಿಯಲ್ಲಿ ಅವನದೊಂದು ಮೈಕ್‌ಸೆಟ್ ಅಂಗಡಿ ಇತ್ತು. ನನ್ನ ಅಕ್ಕನನ್ನು ಅವನಿಗೇ ಕೊಟ್ಟಿದ್ದರಿಂದ ಆಮೇಲೆ ಅವನು ಭಾವನೂ ಆದ, ಆದರೆ ನಾನು ಕೊನೆಯವರೆಗೂ ಮಾಮಾ ಎಂದೇ ಕರೆದೆ. ಸೊಲ್ಲಾಪುರದ ಹಳೇ ಬಜಾರಿನಿಂದ ಅವನು ಒಂದು ಗಂಟು ಸಿನಿಮಾ ರೆಕಾರ್ಡು ತಂದಾಗ ನಡುವೆ ಇದೂ ಬಂದಿತ್ತು. ಉಳಿದವೆಲ್ಲ ರೊಟ್ಟಿಗಿಂತ ಚಿಕ್ಕವು, ಇದೊಂದೇ ಊಟದ ತಾಟಿನಷ್ಟು ದೊಡ್ಡದು. ಕವರಿನ ಮೇಲೆ ಉರಿಬಿಸಿಲಿನ ಬಯಲು, ಅದರಲ್ಲಿ ಒಂದೇ ಛತ್ರಿಯ ಕೆಳಗೆ ಒತ್ತಿಕೊಂಡು ನಿಂತ ನಾಲ್ವರು ಕೋಟಿನ ಗಂಡಸರು. ಒಬ್ಬನ ಮುಖದಲ್ಲೂ ನಗುವಿಲ್ಲ.

"ಇವರಿಗೆ ಯಾಕ ಇಷ್ಟ ಸಿಟ್ಟ ಬಂದೈತಿ?" ಎಂದು ಅಕ್ಕ ಕೇಳಿದಳಂತೆ.

"ಹಸದಾರ. ಊಟದ ಹೊತ್ತಿಗೆ ಹಚ್ಚೂನು" ಎಂದನಂತೆ ಮಾಮಾ.

ಅಲ್ಲಿಂದ ಶುರುವಾದ ಪದ್ಧತಿ ಅದು. ಮಠದ ಅಯ್ಯಗಳು ಪಂಕ್ತಿಯಲ್ಲಿ ಕೂತಾಗ ಸಿನಿಮಾ ಹಾಡು ಹಾಕಿದರೆ ಹಿರಿಯರು ಕಣ್ಣು ಕೆಂಪಗೆ ಮಾಡುತ್ತಿದ್ದರು. ಇಂಗ್ಲಿಷ್ ಹಾಡಿಗೆ ಆ ಭಯ ಇರಲಿಲ್ಲ. ತಿಳಿಯದ ಮಾತಿಗೆ ತಪ್ಪು ಹಿಡಿಯುವವರು ಯಾರು? ಹಾಡು ಚುರುಕಾಗಿತ್ತು, ಬಡಿಸುವವರ ಕೈಯೂ ಅದರ ಜೊತೆ ಓಡುತ್ತಿತ್ತು. ಹಾಡುವವಳು ಯಾರೋ ಹದಿಹರೆಯದ ಹುಡುಗಿ ಎಂದು ನಾವೆಲ್ಲ ನಂಬಿದ್ದೆವು. ಅಕ್ಕ ರೊಟ್ಟಿ ಬಡಿಯುವಾಗ ಅದನ್ನೇ ಗುನುಗುತ್ತಿದ್ದಳು, ಪದ ಗೊತ್ತಿಲ್ಲದ ಕಡೆ ತನ್ನದೇ ಪದ ಹಾಕಿ.

ಊರನ್ನೆಲ್ಲ ಊಟಕ್ಕೆ ಕರೆದ ಮಾಮಾ ತಾನು ಮಾತ್ರ ಉಣ್ಣುತ್ತಿದ್ದುದು ಎಲ್ಲರೂ ಎದ್ದ ಮೇಲೆ. ರೆಕಾರ್ಡಿನ ಮಷೀನು ಬಿಟ್ಟು ಏಳುವ ಹಾಗಿರಲಿಲ್ಲವಲ್ಲ. ಹತ್ತಿರದವರ ಮದುವೆಗಳಿಗೆ ನಾವೂ ಹೋಗುತ್ತಿದ್ದೆವು. ಅಲ್ಲೆಲ್ಲ ಅಕ್ಕ ಒಂದು ತಾಟಿನಲ್ಲಿ ಅವನಿಗೆ ಬಡಿಸಿ, ಮೇಲೊಂದು ತಾಟು ಮುಚ್ಚಿ, ಕಾವಲು ಕೂರುತ್ತಿದ್ದಳು. ನಾನು ಹುಗ್ಗಿಗೆ ಹಾಕಿದ ತುಪ್ಪದ ಆಸೆಗೆ ಹತ್ತಿರ ಸರಿದರೆ, "ಅದು ನಿಮ್ಮ ಮಾಮಾನ ಪಾಲು. ಕೈ ಹಚ್ಚಿದಿ ಅಂದ್ರ ನೋಡ!" ಎಂದು ಗದರುತ್ತಿದ್ದಳು.

ಮಾಮಾ ಹೋಗಿ ಬಹಳ ವರ್ಷವಾಯಿತು. ಮೈಕ್‌ಸೆಟ್ ಸಾಮಾನನ್ನೆಲ್ಲ ಅವನ ಜೊತೆ ಕೆಲಸ ಮಾಡುತ್ತಿದ್ದ ಮುದ್ದೇಬಿಹಾಳದ ಗೆಳೆಯ ಒಯ್ದರು. ರೆಕಾರ್ಡುಗಳು ಎಂದೋ ಗುಜರಿ ಸೇರಿರಬೇಕು ಎಂದುಕೊಂಡು ನಾವು ಕೇಳಲೂ ಇಲ್ಲ. ಅಕ್ಕ ಈಗ ಬಸವನ ಬಾಗೇವಾಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಇಂಡಿ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ, ಅಂದರೆ ಮಕ್ಕಳಿಗೆ ಬೇಡದ ಹಳೆಯದನ್ನು ಒತ್ತಾಯದಿಂದ ತಲೆಗೆ ತುಂಬುತ್ತೇನೆ.

ಹೋದ ವರ್ಷದಿಂದ ಅಕ್ಕನ ಕಿವಿ ಸೋಲತೊಡಗಿತು. ಸಣ್ಣ ದನಿ ಮೊದಲು ಹೋಗುತ್ತದೆ, ದಪ್ಪ ದನಿ ಕೊನೆಗೆ ಎಂದರು ವಿಜಯಪುರದ ಡಾಕ್ಟರು. ಪೂರ್ತಿ ಹೋಗುವ ದಿನವೂ ದೂರವಿಲ್ಲ ಎಂದರು. ಕಿವಿಗೆ ಹಾಕಿಕೊಳ್ಳುವ ಮಷೀನಿನಿಂದ ತಲೆ ಗುಂಯ್ ಎನ್ನುತ್ತದೆ ಎಂದು ಅಕ್ಕ ಅದನ್ನು ಕಪಾಟಿಗೆ ಹಾಕಿದಳು. "ಮಮ್ಮಗಳ ಮಾತು ಕೇಳಸಂಗಿಲ್ಲ, ಎಮ್ಮಿ ಒದರಿದ್ದು ಕೇಳಸ್ತೈತಿ. ದೇವರಿಗೆ ಬುದ್ಧಿ ಐತೇನ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಪೂರಾ ಕಿವುಡಿ ಆಗೂದರೊಳಗ ಆ ಛತ್ರಿ ರಿಕಾರ್ಡ ಒಮ್ಮಿ ಕೇಳಬೇಕಂತ ಆಸೆ ಐತಿ. ನೀ ಸಾಲಿ ಕಲತಾಕಿ, ಎಲ್ಲೆರ ಹುಡುಕ" ಎಂದಳು.

ಹುಡುಕುವುದು ಹೇಗೆ? ಬ್ಯಾಂಡಿನ ಹೆಸರು ಗೊತ್ತಿಲ್ಲ, ಹಾಡಿನ ಹೆಸರು ಗೊತ್ತಿಲ್ಲ. ಗೊತ್ತಿದ್ದುದು ಛತ್ರಿ ಮತ್ತು ಹುಗ್ಗಿ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಫೋನು ನೋಡುತ್ತ ಕೂತಿದ್ದೆ. ಯಾವುದೋ ದೇಶದ ಅಂಗಡಿಯವನು ಹಳೇ ರೆಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದ. ನಡುವೆ ಛತ್ರಿ ಬಂತು! ಅದೇ ಬಯಲು, ಅದೇ ಸಿಟ್ಟಿನ ನಾಲ್ವರು. ನಾನು ಕೂಗಿದ ಕೂಗಿಗೆ ಗಣಿತದ ಮೇಡಂ ಚಹಾ ಚೆಲ್ಲಿಕೊಂಡರು.

ಹೀಗೆ ಆ ಬ್ಯಾಂಡು ಈ ವಯಸ್ಸಿನಲ್ಲಿ ನನಗೆ ಮತ್ತೆ ಸಿಕ್ಕಿತು. ಅವರದು ಆರ್ಟ್ ಪಾಪ್ ಎಂಬ ಜಾತಿಯ ಸಂಗೀತವಂತೆ. ಛತ್ರಿ ಆಲ್ಬಮ್ಮಿನ ಜೊತೆಗೆ ಇನ್ನೆರಡರ ಸಿಡಿಗಳನ್ನೂ ತರಿಸಿದೆ. ಒಂದರಲ್ಲಿ ಟೈಪ್‌ರೈಟರಿನ ಟಕಟಕವೇ ತಾಳ. ಇನ್ನೊಂದರಲ್ಲಿ ಬಾಗಿಲು ತೆಗೆಯುತ್ತಾರೆ, ಹಾಕುತ್ತಾರೆ, ನೀರು ತೊಟ್ಟಿಕ್ಕಿಸುತ್ತಾರೆ, ಹಾಡಲು ಮಾತ್ರ ಅವಸರವಿಲ್ಲ. ಮೊದಲ ಸಲ ಸಿಟ್ಟು ಬಂತು. ಮೂರನೆಯ ಸಲ ಕೇಳುವಾಗ ಕೈಯಲ್ಲಿದ್ದ ಪೇಪರ್ ತಿದ್ದುವುದನ್ನು ಬಿಟ್ಟು ಸುಮ್ಮನೆ ಕೂತಿದ್ದೆ. ಆದರೆ ಛತ್ರಿ ಆಲ್ಬಮ್ ಹಾಕಿದಾಗ ಮೋಸ ಹೋದೆ ಎನಿಸಿತು. ಹುಡುಗಿಯ ದನಿಯೇ ಇಲ್ಲ! ಯಾರೋ ಗಂಡಸು, ಬಾವಿಯ ತಳದಿಂದ ಬಂದಂಥ ದಪ್ಪ ದನಿಯಲ್ಲಿ, ಒಂದೊಂದು ಸಾಲನ್ನೂ ಎಳೆದೆಳೆದು ಹಾಡುತ್ತಿದ್ದ. ಸಿಡಿಯ ಜೊತೆಗಿದ್ದ ಪುಸ್ತಿಕೆಯಲ್ಲಿ, ಇವು ಗೆಳೆಯನೊಬ್ಬ ತೀರಿಕೊಂಡಾಗ ಕಟ್ಟಿದ ಹಾಡುಗಳು ಎಂದು ಬರೆದಿತ್ತು.

ಆದರೂ ಆಸೆ ಬಿಡಲಿಲ್ಲ. ಸಿಡಿ, ಪ್ಲೇಯರ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಾಗೇವಾಡಿಗೆ ಹೋದೆ. ಅಕ್ಕ ಹೊಸ ಸೀರೆ ಉಟ್ಟು ಕೂತಿದ್ದಳು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ. ಎರಡು ಸಾಲು ಕೇಳಿದವಳೇ ಕೈ ಅಡ್ಡ ಮಾಡಿದಳು.

"ಇದಲ್ಲವಾ. ಇದು ಸತ್ತವರ ಮನಿಯಾಗ ಕುಂತಂಗ ಐತಿ. ನಮ್ಮ ಹಾಡು ಎಷ್ಟ ಛಂದ ಓಡತಿತ್ತು!"

ಅವಳ ಮುಖ ಬಾಡಿದ್ದು ನೋಡಿ ನನಗೆ ಹಠ ಹುಟ್ಟಿತು. ಗುಜರಿಗೇ ಹೋಗಿದ್ದರೆ ಗುಜರಿಯವನನ್ನಾದರೂ ಹಿಡಿಯುತ್ತೇನೆ ಎಂದು ಮುದ್ದೇಬಿಹಾಳಕ್ಕೆ ಫೋನು ಮಾಡಿದೆ. ಮಾಮಾನ ಗೆಳೆಯ ಆರಾಮಾಗಿ, "ಎಲ್ಲಾ ಅದಾವ್ರಿ ಅಕ್ಕಾರ. ನೀವ ಯಾರೂ ಕೇಳಲೇ ಇಲ್ಲಲ್ಲ" ಎಂದರು.

ಅವರ ಅಂಗಡಿಯ ತುಂಬ ಈಗ ಆಳೆತ್ತರದ ಡಿಜೆ ಡಬ್ಬಿಗಳು. ಹಿಂದಿನ ಕೋಣೆಯಲ್ಲಿ, ಗೋಣಿಚೀಲದ ಕೆಳಗೆ, ಮಾಮಾನ ಮಷೀನು. ಪಕ್ಕದಲ್ಲೇ ಛತ್ರಿ ರೆಕಾರ್ಡು. ಕವರಿನ ಅಂಚನ್ನು ಇಲಿ ತಿಂದಿತ್ತು, ನಾಲ್ವರ ಸಿಟ್ಟು ಹಾಗೇ ಇತ್ತು. ನಾನು ಮಷೀನು ಒರೆಸುವಾಗ ಒಂದು ಚಿಕ್ಕ ಹಿಡಿಕೆ ಕಂಡಿತು. ಅದರ ಬದಿಗೆ, ನಿಮಿಷಕ್ಕೆ ಎಷ್ಟು ಸುತ್ತು ಎಂಬ ವೇಗದ ಅಂಕಿಗಳು. ಹಿಡಿಕೆಯನ್ನು ನಲವತ್ತೈದರ ಮೇಲೆ ನಿಲ್ಲಿಸಿ ಕಪ್ಪಾದ ದಾರವೊಂದರಿಂದ ಬಿಗಿದಿತ್ತು. ದಾರದಲ್ಲಿ ಒಣಗಿದ ಅರಿಷಿಣದ ಬೇರಿನ ತುಂಡೊಂದಿತ್ತು.

"ಏನ್ರಿ ಇದು?" ಎಂದೆ.

"ಕಂಕಣ ಅಲ್ಲೇನ್ರಿ? ಆ ಹಿಡಿಕಿ ಸಡ್ಲ ಇತ್ತು, ಮಂದಿ ಕಾಲ ಬಡದ್ರ ಜಾರತಿತ್ತು. ಅದಕ್ಕ ನಿಮ್ಮ ಮಾಮಾರು ತಮ್ಮ ಲಗ್ನದ ಕಂಕಣನ ತಂದು ಬಿಗದ್ರು. ಯಾರೂ ಮುಟ್ಟಬಾರದಂತ ತಾಕೀತು ಮಾಡಿದ್ರು."

ನಾನು ರೆಕಾರ್ಡಿನ ನಡುವಿನ ಕಾಗದ ನೋಡಿದೆ. ಮೂವತ್ಮೂರು ಎಂದಿತ್ತು. ಸಿನಿಮಾ ಹಾಡಿನ ಚಿಕ್ಕ ರೆಕಾರ್ಡುಗಳು ಬೇಗ ತಿರುಗಬೇಕು, ಈ ದೊಡ್ಡದು ನಿಧಾನ ತಿರುಗಬೇಕು. ಹಿಡಿಕೆಯನ್ನು ಕಟ್ಟಿಹಾಕಿದ್ದರಿಂದ ನಮ್ಮ ಮಾಮಾ ಎಲ್ಲವನ್ನೂ ಒಂದೇ ಓಟದಲ್ಲಿ ಓಡಿಸಿದ್ದ. ಹಾಗೆ ಓಡಿ ಓಡಿಯೇ ಆ ದಪ್ಪ ದನಿಯ ಗಂಡಸು ನಮಗೆ ಹುಡುಗಿಯಾಗಿದ್ದ. ಯಾರದೋ ಸಾವಿನ ಹಾಡಿಗೆ ಇಡೀ ತಾಲ್ಲೂಕು ಹುಗ್ಗಿ ಹೊಡೆದಿತ್ತು! ಬಾಗೇವಾಡಿಯ ಬಸ್ಸಿನಲ್ಲಿ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ನಕ್ಕೆ. ಸದ್ಯ, ಅಕ್ಕನ ಹಾಡು ಸಿಕ್ಕಿತಲ್ಲ ಎಂದು ಎದೆ ತಣ್ಣಗಾಗಿತ್ತು.

ಅಕ್ಕನ ಎದುರು ಮಷೀನು ಇಟ್ಟು, ಕಂಕಣ ಮುಟ್ಟದೆ, ಹಿಂದಿನ ಹಾಗೇ ರೆಕಾರ್ಡು ಹಚ್ಚಿದೆ. ಕರಕರ ಸದ್ದಿನ ಹಿಂದೆ ಆ ಹುಡುಗಿ ಬಂದಳು. ಅಯ್ಯೋ, ಅದೇ ಹುಡುಗಿ! ಬೇವಿನ ಗಿಡ, ಸಾಲಾಗಿ ಕೂತ ಮಂದಿ, ಬಕೆಟ್ಟು ಹಿಡಿದು ಓಡುವ ಕಾಕಾಗಳು, ಎಲ್ಲ ಬಂತು. ಸಿಡಿ ಇದಕ್ಕಿಂತ ಶುದ್ಧ, ಒಪ್ಪುತ್ತೇನೆ. ಆದರೆ ಈ ಕರಕರದಲ್ಲಿ ನಮ್ಮ ಮದುವೆಗಳ ಧೂಳು ಇತ್ತು. ನಾನು ಕಣ್ಣು ಒರೆಸಿಕೊಂಡು ಅಕ್ಕನ ಕಡೆ ತಿರುಗಿದೆ.

ಅಕ್ಕ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.

"ಹಚ್ಚವಾ. ಯಾಕ ನಿಂತಿ?" ಎಂದಳು.

ಹಾಡು ಅರ್ಧ ಮುಗಿದಿತ್ತು. ದನಿ ಜೋರು ಮಾಡಿದೆ, ಪಕ್ಕದ ಮನೆಯವರು ಇಣುಕುವಷ್ಟು ಜೋರು. ಅಕ್ಕ ತಲೆ ಓರೆ ಮಾಡಿ ಕೇಳಿದಳು. "ಏನೋ ದಡ್ ದಡ್ ಅನ್ನಾಕತ್ತೈತಿ. ಹಾಡ ಎಲ್ಲೈತಿ?" ಸಣ್ಣ ದನಿ ಮೊದಲು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ. ಅವಳ ಹುಡುಗಿ ಆಗಲೇ ಹೋಗಿಬಿಟ್ಟಿದ್ದಳು. ನಾನು ತಡ ಮಾಡಿ ತಂದಿದ್ದೆ.

ಉಳಿದಿದ್ದು ಒಂದೇ ದಾರಿ. ಅವಳ ಕೈ ಹಿಡಿದು ಹಿಡಿಕೆಯ ಮೇಲಿಟ್ಟು, ಕಿವಿಯ ಹತ್ತಿರ ಕೂಗಿದೆ. "ಅಕ್ಕಾ, ಇದನ್ನ ಬಿಚ್ಚಬೇಕಾಗತೈತಿ."

ಅಕ್ಕ ಬಗ್ಗಿ ನೋಡಿದಳು. ಅರಿಷಿಣದ ತುಂಡನ್ನು ಬೆರಳಲ್ಲಿ ಹಿಡಿದು ತಿರುಗಿಸಿದಳು. "ಲಗ್ನದಾಗ ನಾನ ಬಿಚ್ಚಿದ್ದಿದು. ನಿಮ್ಮ ಮಾಮಾ ಹೊಳಿಗೆ ಬಿಟ್ಟ ಬಂದೇನಿ ಅಂತ ಹೇಳಿದ್ರು, ಸುಳ್ಳ" ಎಂದಳು. ಬೈದಂತೆ ಹೇಳಿದಳು, ಆದರೆ ಕಣ್ಣು ತುಂಬಿತ್ತು. ಆಮೇಲೆ ತಾನೇ ಉಗುರಿನಿಂದ ಗಂಟು ಬಿಡಿಸಿ, ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ನಾನು ಹಿಡಿಕೆಯನ್ನು ಮೂವತ್ಮೂರಕ್ಕೆ ಸರಿಸಿ ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟೆ. ಆ ಗಂಡಸಿನ ದಪ್ಪ ದನಿ ನೆಲ ಹಿಡಿದು ಬಂತು. ಅಕ್ಕ ತಲೆ ಎತ್ತಿದಳು.

"ಇದು ಮೊನ್ನಿದು ಅಲ್ಲೇನ? ಸತ್ತವರ ಮನಿದು?"

"ನಮ್ಮ ಛತ್ರಿ ರಿಕಾರ್ಡ ಇದ ಅಕ್ಕಾ. ಇದರ ಖರೇ ದನಿ ಇದು. ಮಾಮಾ ಓಡಿಸಿ ಓಡಿಸಿ ಹುಡುಗಿ ಮಾಡಿದ್ದ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮಷೀನಿನ ಸ್ಪೀಕರ್ ಡಬ್ಬಿಯ ಮೇಲೆ ಅಂಗೈ ಇಟ್ಟು ಕೂತಳು. ನಡುವೆ ಒಂದು ಕಡೆ, ತಾನು ರೊಟ್ಟಿ ಬಡಿಯುತ್ತ ಗುನುಗುತ್ತಿದ್ದ ತಿರುವು ಬಂದಾಗ, ಅವಳ ತುಟಿ ಅಲುಗಿತು. ತನ್ನ ಹಳೇ ಸುಳ್ಳು ಪದಗಳನ್ನೇ ಹಾಕಿ, ಈ ನಿಧಾನಕ್ಕೆ ಹೊಂದಿಸಿಕೊಂಡು, ಅವನ ಜೊತೆ ಕೊನೆಯವರೆಗೂ ಹಾಡಿದಳು. ನಾನು ಅತ್ತೆ, ನಾಚಿಕೆಪಡದೆ ಅತ್ತೆ.

ಹಾಡು ನಿಂತಿತು. ಅಕ್ಕ ಡಬ್ಬಿಯ ಮೇಲಿನ ಕೈ ತೆಗೆಯಲಿಲ್ಲ.

"ಹಂಗಾರ ನಿಮ್ಮ ಮಾಮಾ ಇದನ್ನ ಒಮ್ಮಿನೂ ಕೇಳಲಿಲ್ಲ" ಎಂದಳು.

"ಇಲ್ಲಕ್ಕಾ."

"ಇನ್ನೊಮ್ಮಿ ಹಚ್ಚು. ಅವರ ಪಾಲು ಉಳದೈತಿ."

ನಾನು ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟೆ.