ದೇವಕ್ಕನ ಬುಗುಡಿ

ಜಿಗಣಿಯ ಪಿಳ್ಳಮ್ಮನ ವಠಾರ ಎಂದರೆ ಶೀಟು ಹೊದಿಸಿದ ಸಾಲು ಕೋಣೆಗಳು, ಎಲ್ಲಕ್ಕೂ ಸೇರಿ ಒಂದೇ ನಲ್ಲಿ, ನಲ್ಲಿಯ ಮುಂದೆ ಎಂದೂ ಮುಗಿಯದ ಜಗಳ. ಅಲ್ಲಿಂದ ಯಾವ ಹೆಣ್ಣುಮಗಳು ಮದುವೆಗೆ ಹೊರಟರೂ, ಸೀಮಂತಕ್ಕೆ ಹೊರಟರೂ, ಮೊದಲು ಕೊನೆಯ ಕೋಣೆಯ ಬಾಗಿಲು ಬಡಿಯುತ್ತಿದ್ದಳು. ಆ ಕೋಣೆಯಲ್ಲಿ ಶೇಖವ್ವ ಇದ್ದಳು. ಯಲಬುರ್ಗಾ ಕಡೆಯವಳು. ಗಂಡ ಯಮನೂರ ಸೆಂಟ್ರಿಂಗ್ ಕೆಲಸಕ್ಕೆ ಹೋದರೆ ಇವಳು ಮಾತ್ರೆ ಪ್ಯಾಕ್ ಮಾಡುವ ಕಂಪನಿಗೆ ಹೋಗುತ್ತಿದ್ದಳು.

ಹಳೆಯ ಒಡವೆ ತೊಡಿಸುವುದರಲ್ಲಿ ಶೇಖವ್ವ ಎತ್ತಿದ ಕೈ. ಒಮ್ಮೆ ಪಿಳ್ಳಮ್ಮನ ಮೊಮ್ಮಗಳು ಪ್ರಿಯಾಂಕಾ ಅಜ್ಜಿಯ ಕಾಲದ ಕೊರಳೊಡವೆ ಅಡ್ಡಿಗೆಯನ್ನು ಹಿಡಿದು ಮುಖ ಸಿಂಡರಿಸಿಕೊಂಡು ಬಂದಳು. ಕೊರಳಿಗೆ ಆಗಲೇ ಎರಡು ಹೊಸ ಸರ ಹೇರಿಕೊಂಡಿದ್ದಳು. "ಇದು ಕಪ್ಪಗಾಗೋಗಿದೆ ಅಕ್ಕ. ಸೆರಗಿನೊಳಗೆ ಮುಚ್ಚಿ ಹಾಕ್ಕೊಳೋ ಥರ ಮಾಡ್ಕೊಡಿ, ಅಜ್ಜಿ ಬೈಬಾರ್ದು ಅಷ್ಟೇ."

"ಬಿಚ್ಚ ಅವನ್ನ," ಎಂದಳು ಶೇಖವ್ವ. "ಇಷ್ಟೆಲ್ಲ ಹೇರಿಕೊಂಡ್ರ ಹಳೇದು ಉಸಿರಾಡೂದು ಹ್ಯಾಂಗಬೇ?" ಹೊಸ ಸರಗಳನ್ನು ತೆಗೆಸಿ, ಅಡ್ಡಿಗೆಯ ದಾರ ಗಿಡ್ಡ ಮಾಡಿ ಗಂಟಲ ಕುಳಿಯ ಮೇಲೆ ಕೂರಿಸಿ, ಜರಿಯ ಸೀರೆ ಬಿಡಿಸಿ ಬರೀ ಕುಂಕುಮ ಬಣ್ಣದ ಕೈಮಗ್ಗದ ಸೀರೆ ಉಡಿಸಿದಳು. ಹುಡುಗಿ ಕನ್ನಡಿಯ ಮುಂದಿನಿಂದ ಏಳಲೊಲ್ಲಳು. ಪಿಳ್ಳಮ್ಮ ಅವತ್ತಿನಿಂದ ನಲ್ಲಿಯ ಜಗಳದಲ್ಲಿ ಶೇಖವ್ವನ ಪಕ್ಷ ವಹಿಸತೊಡಗಿದಳು.

ಊರಿನವರಿಗೆಲ್ಲ ತೊಡಿಸಿದ ಈ ಹೆಂಗಸಿಗೆ ತಾನು ತೊಡಬೇಕೆಂದು ಆಸೆ ಇದ್ದದ್ದು ಒಂದೇ ಒಂದು ಒಡವೆ: ಅವ್ವ ದೇವಕ್ಕನ ಬುಗುಡಿ. ಕಿವಿಯ ಮೇಲಂಚಿಗೆ ಇಡುವ ಜೋಡಿ, ನಡುವೆ ಕೆಂಪು ಹರಳು, ಸುತ್ತ ಸಣ್ಣ ಮುತ್ತು, ಹಿಂದೆ ತಿರುಪು. ಅವರ ಮನೆತನದಲ್ಲಿ ಅದಕ್ಕೊಂದು ರೂಢಿ ಇತ್ತು. ಬುಗುಡಿ ಡಬ್ಬಿಗೆ ಬೀಳಬಾರದು, ಕಿವಿಯಿಂದ ಕಿವಿಗೆ ಹೋಗಬೇಕು. ತಾಯಿ ತನ್ನ ಕಾಲ ಮುಗಿಯಿತು ಅನ್ನಿಸಿದಾಗ ತಾನೇ ಬಿಚ್ಚಿ, ತನ್ನ ಕೈಯಾರೆ ಹಿರಿಮಗಳಿಗೆ ಇಟ್ಟು, ಕಿವಿಯಲ್ಲಿ ಒಂದು ಮಾತು ಹೇಳಬೇಕು. ಮಗಳು ಅದನ್ನು ನಡೆಸಬೇಕು. ದೇವಕ್ಕನಿಗೆ ಅವಳ ಅವ್ವ ಏನು ಹೇಳಿದ್ದಳೋ, ಯಾರಿಗೂ ಗೊತ್ತಿಲ್ಲ. ಅದು ಆ ಇಬ್ಬರದೇ ಮಾತು.

ಅದಕ್ಕೆಂದೇ ಶೇಖವ್ವನಿಗೆ ಚಿಕ್ಕಂದಿನಲ್ಲೇ ಕಿವಿಯ ಮೇಲೆ ಚುಚ್ಚಿಸಿದ್ದರು. ತೂತು ಮುಚ್ಚದಿರಲೆಂದು ಕಸಬರಿಗೆ ಕಡ್ಡಿ ಸಿಕ್ಕಿಸಿಕೊಂಡೇ ಅವಳು ಜಿಗಣಿಗೆ ಬಂದಿದ್ದು. ಕಂಪನಿಯ ಗೇಟಿನಲ್ಲಿ ತಪಾಸಣೆಯ ಹೆಂಗಸು ಬಳೆ, ಮೂಗುತಿ, ಕಾಲುಂಗುರ ಎಲ್ಲ ಬಿಚ್ಚಿಸಿದಳು. ತಾಳಿಯನ್ನು ಅಂಗಿಯೊಳಗೆ ಇಟ್ಟುಕೊಳ್ಳಲು ಬಿಟ್ಟಳು, ದೊಡ್ಡ ಮನಸ್ಸು. ಆಮೇಲೆ ಕಿವಿ ನೋಡಿದಳು.

"ಏನಮ್ಮಾ ಇದು, ಪೊರಕೆ ಕಡ್ಡಿ? ಮಾತ್ರೆ ಒಳಗೆ ಬಿದ್ರೆ ನನ್ ಕೆಲಸ ಹೋಗತ್ತೆ. ತೆಗೀರಿ ಮೊದ್ಲು."

ಅವಳದೂ ತಪ್ಪಲ್ಲ ಅನ್ನಿ. ಮಾತ್ರೆಯಲ್ಲಿ ಕಸಬರಿಗೆ ಕಡ್ಡಿ ಸಿಕ್ಕರೆ ಯಾರು ಸುಮ್ಮನಿರುತ್ತಾರೆ? ಶೇಖವ್ವ ಭಾನುವಾರ ಮಾತ್ರ ಕಡ್ಡಿ ಇಟ್ಟುಕೊಳ್ಳತೊಡಗಿದಳು. ಭಾನುವಾರವೂ ಓಟಿ ಎಂದು ಹೆಚ್ಚಿನ ಕೆಲಸ ಶುರುವಾಯಿತು. ತೂತು ಎಂದು ಮುಚ್ಚಿತೋ ಅವಳಿಗೇ ತಿಳಿಯಲಿಲ್ಲ. ಒಂದು ದಿನ ಕಡ್ಡಿ ತೂರಿಸಲು ಹೋದರೆ ಬರೀ ಗಟ್ಟಿ ಚರ್ಮ.

ಅತ್ತ ಊರಿನಿಂದ ದೇವಕ್ಕ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದಳು: "ಕಿವ್ಯಾಗ ಕಡ್ಡಿ ಐತಿಲ್ಲಬೇ?"

"ಐತಿ ಬಿಡ ಯವ್ವಾ."

ಹೇಳಿಬಿಡಬಹುದಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುತ್ತಲೇ ವರ್ಷಗಳು ಹೋದವು. ಒಂದು ಚೈತ್ರದಲ್ಲಿ ತಮ್ಮ ಮರೆಪ್ಪ ಅವ್ವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆತಂದ. ಸಕ್ಕರೆ ಕಾಯಿಲೆ ಮುದುಕಿಯ ಕಣ್ಣು ತಿಂದು, ಬೆರಳ ತುದಿಗಳಿಗೆ ಜೋಮು ಹಿಡಿಸಿ, ಈಗ ಮೂತ್ರಪಿಂಡಕ್ಕೆ ಕೈಹಾಕಿತ್ತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಯಾವ ಮನೆಗೆ ಎಂದು ಮರೆಪ್ಪ ಕೇಳಿದಾಗ ದೇವಕ್ಕ, "ಶೇಖಿ ಮನಿಗೆ ಒಯ್ಯೋ, ಬುಗುಡಿ ಇಡೂದೈತಿ," ಎಂದಳಂತೆ.

ಆ ಮಾತು ಕೇಳಿದ್ದೇ ತಡ, ಶೇಖವ್ವನಿಗೆ ಮುಚ್ಚಿದ ತೂತು ನೆನಪಾಯಿತು. ಅಂದೇ ಓಡಿಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರದ ಅಕ್ಕಸಾಲಿಯ ಮುಂದೆ ಕೂತಳು. "ಎಳೆ ಮೂಳೆ ಅಮ್ಮ ಇದು. ಸಣ್ಣ ತಂತಿ ಹಾಕ್ತೀನಿ, ಮಾಯಕ್ಕೆ ತಿಂಗಳುಗಟ್ಟಲೆ ಬೇಕು. ಬುಗುಡಿ ಕಡ್ಡಿ ದಪ್ಪ, ಈಗಲೇ ಹೋಗಲ್ಲ," ಎಂದ ಅವನು. ಆದರೂ ಚುಚ್ಚಿಸಿಕೊಂಡಳು. ಮರುದಿನಕ್ಕೆ ಕಿವಿ ಉಬ್ಬಿ ಬೋಂಡಾ ಆಯಿತು. ತಂತಿ ಕಿತ್ತು ಬಿಸಾಕಿ ಗೋಡೆಗೆ ಮುಖ ಕೊಟ್ಟು ಅತ್ತಳು.

ಎದುರು ಕೋಣೆಗೆ ಆಗಷ್ಟೇ ಒಡಿಶಾದಿಂದ ಬಂದ ಗಂಡ ಹೆಂಡತಿ ಇದ್ದರು. ಗಂಡ ಗ್ರಾನೈಟ್ ಫ್ಯಾಕ್ಟರಿಯಲ್ಲಿ. ಹೆಂಡತಿ ಸುಕಾಂತಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ, ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ನಲ್ಲಿಯ ಹತ್ತಿರ ಅವಳು ಬಗ್ಗಿ ಕೊಡ ಎತ್ತುವಾಗ ಶೇಖವ್ವನ ಕಣ್ಣು ಅವಳ ಕಿವಿಯ ಮೇಲೆ ಬಿತ್ತು. ಮೇಲಂಚಿನಲ್ಲಿ ದಪ್ಪ ರಿಂಗು. ತೂತು ತೆರೆದಿತ್ತು.

ಕೈಸನ್ನೆ, ಅರೆಬರೆ ಹಿಂದಿ, ಕಣ್ಣೀರು, ಮೂರೂ ಸೇರಿಸಿ ಅವಳಿಗೆ ವಿಷಯ ತಿಳಿಸಿದಳು. ಸುಕಾಂತಿ ಹೂಂ ಅಂದಳು. ಶೇಖವ್ವ ಅವಳಿಗೆ ತನ್ನ ಇಳಕಲ್ ಸೀರೆ ಉಡಿಸಿದಳು, ತನ್ನ ಕೊಬ್ಬರಿ ಎಣ್ಣೆ ಹಚ್ಚಿ ತಲೆ ಬಾಚಿದಳು, ತನ್ನ ಬಳೆಗಳನ್ನು ಏರಿಸಿದಳು. ಎಷ್ಟೋ ಮದುಮಕ್ಕಳಿಗೆ ತೊಡಿಸಿದವಳು ಅಂದು ಸೀರೆಯ ನೆರಿಗೆಯನ್ನು ಎರಡೆರಡು ಸಲ ಬಿಚ್ಚಿ ಹಿಡಿದಳು. ಯಮನೂರ ಬಾಗಿಲಲ್ಲಿ ನಿಂತು ನೋಡಿದ. "ಇದು ಚಲೋ ಅಲ್ಲ ನೋಡ," ಎಂದವನು ತಡೆಯಲಿಲ್ಲ, ಹೊರಗೆ ಹೋದ.

ಮರೆಪ್ಪ ತಂದು ಶೇಖವ್ವನ ಕೋಣೆಯಲ್ಲಿ ಮಲಗಿಸಿ ಹೋಗಿದ್ದ ದೇವಕ್ಕ ಮಧ್ಯಾಹ್ನ ಎಚ್ಚರಾದಳು. "ಶೇಖೀ, ಬಾ ಇಲ್ಲಿ. ಕಿವಿ ಕೊಡ."

ಸುಕಾಂತಿ ಹತ್ತಿರ ಕೂತಳು. ಶೇಖವ್ವ ಅವಳ ಬೆನ್ನಿಗಂಟಿ ಕೂತು, "ಬಂದೆ ಯವ್ವಾ," ಎಂದಳು.

ಮುದುಕಿ ತಿರುಪು ಬಿಚ್ಚುವಷ್ಟರಲ್ಲೇ ಸುಸ್ತಾದಳು. ತಡವಿ ತಡವಿ ಬಲಗಿವಿಗೆ ಒಂದು ಇಟ್ಟಳು, ಎಡಗಿವಿಗೆ ಇನ್ನೊಂದು. ಬೆರಳಿಗೆ ಸ್ಪರ್ಶ ಸರಿಯಾಗಿ ತಿಳಿಯದಿದ್ದರೂ ಕಡ್ಡಿ ಸಲೀಸಾಗಿ ಇಳಿದದ್ದು ತಿಳಿಯಿತು. ಮುಖ ಅರಳಿತು. "ಎಷ್ಟ್ ಚೊಲೋ ಇಟ್ಕೊಂಡೀ ನನ ಮಗಳ. ನಾ ಸುಮ್ನ ಹೆದರಿದ್ದೆ." ಎರಡೂ ಕೈಯಿಂದ ಸುಕಾಂತಿಯ ಕೆನ್ನೆ ನೇವರಿಸಿ, ತನ್ನ ಹಣೆಗೆ ಬೆರಳೊತ್ತಿ ನೆಟಿಗೆ ಮುರಿದಳು. ಹಿಂದೆ ಕೂತ ಶೇಖವ್ವ ಆ ಕೈಗಳನ್ನೇ ನೋಡಿದಳು. ಆ ಕೈ ತನ್ನ ಮುಖದ ಮೇಲೆ ಇರಬೇಕಿತ್ತು.

ಆಮೇಲೆ ದೇವಕ್ಕ ಆ ಕಿವಿಯನ್ನು ಬಾಯಿಗೆ ಎಳೆದುಕೊಂಡು ಪಿಸುಗುಟ್ಟತೊಡಗಿದಳು.

ರೂಢಿ ಗೊತ್ತಿದ್ದೂ ಶೇಖವ್ವನಿಗೆ ಈ ಗಳಿಗೆಯ ನೆನಪು ಆಗಿರಲಿಲ್ಲ. ತೂತಿನ ಚಿಂತೆಯಲ್ಲಿ ಮಾತು ಮರೆತೇಹೋಗಿತ್ತು! ಶೇಖವ್ವ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದಳು. ಅದೇ ಹೊತ್ತಿಗೆ ಹಾಳಾದ ನೀರಿನ ಟ್ಯಾಂಕರು ಬಂತು. ಹೊರಗೆ ಕೊಡಗಳ ಗದ್ದಲ, ಪಿಳ್ಳಮ್ಮನ ಕೂಗು. ಜೋರಾಗಿ ಹೇಳವ್ವಾ ಅನ್ನೋಣವೆಂದರೆ, ಬಾಯಿಗೆ ಕಿವಿ ತಾಗಿಸಿಕೊಂಡ ಮಗಳು ಹಾಗೇಕೆ ಕೇಳುತ್ತಾಳೆ? ಸೆರಗು ಕಚ್ಚಿ ಕೂತಳು. ಒಂದೇ ಮಾತಲ್ಲ, ಬಹಳ ಹೊತ್ತು ಹೇಳಿದಳು ದೇವಕ್ಕ. ಹೇಳುತ್ತಾ ಅತ್ತಳು ಕೂಡ. ಸುಕಾಂತಿ ದೊಡ್ಡ ಕಣ್ಣು ಬಿಟ್ಟುಕೊಂಡು ಕೇಳಿಸಿಕೊಂಡಳು.

"ತಿಳೀತಿಲ್ಲಬೇ?" ಎಂದಳು ದೇವಕ್ಕ ಕೊನೆಗೆ ಗಟ್ಟಿಯಾಗಿ.

ಶೇಖವ್ವ ಹಿಂದಿನಿಂದ, "ತಿಳೀತು ಯವ್ವಾ," ಎಂದಳು.

"ಹಂಗ ಮಾಡ ಮತ್ತ. ತಪ್ಪಬ್ಯಾಡ."

"ತಪ್ಪಂಗಿಲ್ಲ."

ಸಂಜೆ ಬುಗುಡಿ ಬಿಚ್ಚಿಸಿಕೊಂಡು ಸುಕಾಂತಿಯನ್ನು ಕಳಿಸಿ, ತಾನೇ ಅವ್ವನ ಪಕ್ಕ ಕೂತು, ಇನ್ನೊಂದು ಸಲ ಹೇಳಬೇ ಎಂದು ಗೋಗರೆದಳು. "ಹೇಳೀನಲ್ಲ," ಎಂದು ಮುದುಕಿ ಸಮಾಧಾನದಿಂದ ಕಣ್ಣು ಮುಚ್ಚಿದಳು. ಆಮೇಲೆ ಪ್ರಜ್ಞೆ ಸರಿಯಾಗಿ ಬರಲಿಲ್ಲ. ಮಣ್ಣು ಊರಿನಲ್ಲೇ ಆಯಿತು.

ಮರಳಿ ಬಂದವಳು ಮೊದಲು ಹಿಡಿದದ್ದು ಸುಕಾಂತಿಯ ಕೈಯನ್ನು. ಏನಂದಳು ಅವ್ವ? ಹುಡುಗಿ ಕಷ್ಟಪಟ್ಟು ನಾಲ್ಕಾರು ಸದ್ದು ಹೊರಡಿಸಿದಳು. ಯಾವ ಸದ್ದೂ ಮಾತಾಗಲಿಲ್ಲ.

"ಏನರ ಹರಸಿರ್ತಾಳ, ಬಿಟ್ಟಬಿಡ," ಎಂದ ಯಮನೂರ.

"ಹರಸಿದ್ರ 'ಹಂಗ ಮಾಡ' ಅಂತಾರೇನು?" ಎಂದು ಅವನ ಮೇಲೆ ಹರಿಹಾಯ್ದಳು. ತಮ್ಮನ ಜೊತೆ ಮಾತು ಬಿಡಬೇಡ ಅಂದಿರಬಹುದೇ? ಯಾರಿಗಾದರೂ ಏನಾದರೂ ಮುಟ್ಟಿಸು ಅಂದಿರಬಹುದೇ? ಊರಿಗೆ ಬಾ ಅಂದಳೋ, ಬರಲೇಬೇಡ ಅಂದಳೋ? ಮಾತ್ರೆಯ ಪಟ್ಟಿ ಜೋಡಿಸುತ್ತಾ ಇದನ್ನೇ ಯೋಚಿಸಿ ಬೈಸಿಕೊಂಡಳು. ಒಡವೆ ತೊಡಿಸಿಕೊಡಿ ಎಂದು ಬಂದವರನ್ನು ಬಾಗಿಲಿನಿಂದಲೇ ಕಳಿಸತೊಡಗಿದಳು. ವಠಾರದವರು ಸೊಕ್ಕು ಎಂದರು. ಅನ್ನಲಿ ಬಿಡಿ, ಅವರಿಗೇನು ಗೊತ್ತು?

ವರ್ಷ ಕಳೆದು ಮತ್ತೆ ಚೈತ್ರ ಬಂತು. ಒಂದು ಬೆಳಿಗ್ಗೆ ಸುಕಾಂತಿ ಸೊಪ್ಪಿನವಳ ಜೊತೆ ಜಗಳ ಆಡುತ್ತಿದ್ದಳು. "ನಿನ್ನೆ ದಂಟು ಇಷ್ಟು ದಪ್ಪ ಕಟ್ಟು ಇತ್ತು, ಇವತ್ತೇನು ಇಷ್ಟೇ ಇಷ್ಟು? ನನ್ನ ಏನಂದ್ಕೊಂಡಿದ್ದೀಯಾ?" ಅಚ್ಚುಕಟ್ಟಾದ ಕನ್ನಡ. ಕೋಣೆಯೊಳಗಿಂದ ಕೇಳಿಸಿಕೊಂಡ ಶೇಖವ್ವ ಕೈಯ ಹಿಟ್ಟನ್ನೂ ತೊಳೆಯದೆ ಓಡಿಬಂದು ಅವಳ ರಟ್ಟೆ ಹಿಡಿದಳು.

"ಈಗ ಭಾಷಾ ಬಂತಲ್ಲ ನಿನಗ! ಈಗ ಹೇಳ, ನಮ್ಮವ್ವ ಅವತ್ತ ಏನಂದ್ಲು?"

ಸುಕಾಂತಿ ಸೊಪ್ಪಿನ ಕಟ್ಟು ಕೆಳಗಿಟ್ಟಳು. ನಿಜಕ್ಕೂ ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದಳು, ತುಟಿ ಅಲುಗುತ್ತಿತ್ತು.

"ಅವಾಗ ನಂಗೆ ಬರೀ ಸದ್ದು ಕೇಳಿಸ್ತು ಅಕ್ಕ," ಎಂದಳು. "ದಿನಾ ಮನಸ್ಸಲ್ಲೇ ಹೇಳ್ಕೊಂಡು ಇಟ್ಕೊಂಡಿದ್ದೆ, ಮರೀಬಾರ್ದು ಅಂತ. ಕನ್ನಡ ಕಲೀತಾ ಕಲೀತಾ ಅದು ಹೋಗ್ಬಿಡ್ತು."