ಪೂಜೆಯಾದ ರೇಡಿಯೋ

ರೇಡಿಯೋ ವಾಪಸ್ ಒಯ್ಯಲು ಬಂದ ಅಂಗಡಿಯ ಮ್ಯಾನೇಜರರು ನಮ್ಮ ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟರು. "ಒಂದು ವಾರ ಸುಮ್ಮನೆ ಕೇಳಿ ನೋಡಿ" ಎಂದು ಅವರು ಬಿಟ್ಟುಹೋಗಿದ್ದ ರೇಡಿಯೋ ಮೇಲೆ ಸೇವಂತಿಗೆ ಹಾರವಿತ್ತು, ತಿರುಗಿಸುವ ಗುಂಡಿಗಳಿಗೆಲ್ಲ ಒಂದೊಂದು ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ನಮ್ಮತ್ತೆ ಈಳಿಗೆಮಣೆ, ಹೊಲಿಗೆಯಂತ್ರಗಳ ಜೊತೆ ಅದಕ್ಕೂ ಮಂಗಳಾರತಿ ಎತ್ತಿದ್ದರು.

"ಪೂಜೆ ಆಗಿದ್ದನ್ನ ಮನೆಯಿಂದಾಚೆ ಕಳಿಸೋದುಂಟೇನಪ್ಪಾ? ಲಕ್ಷ್ಮಿ ಕಣಪ್ಪಾ ಅದು!" ಎಂದರು ಅತ್ತೆ. ರೇಡಿಯೋ ಖಂಡಿತ ಬೇಡವೆಂದಿದ್ದ ನಮ್ಮ ಯಜಮಾನರು ದುಡ್ಡು ತರಲು ಒಳಗೆ ಹೋದರು.

ಮ್ಯಾನೇಜರರು ಕುರ್ಚಿಯ ತುದಿಯಲ್ಲಿ ಕೂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಈ ದಸರೆಯಲ್ಲೂ ವ್ಯಾಪಾರವಾಗದಿದ್ದರೆ ಮೈಸೂರಿನ ಮೂರೂ ಅಂಗಡಿ ಮುಚ್ಚಿ ಎಂದು ಮದರಾಸಿನ ಕಚೇರಿಯಿಂದ ಕಾಗದ ಬಂದಿತ್ತಂತೆ. "ಚಾಮರಾಜಪುರಂನಲ್ಲಿ ಹನ್ನೆರಡು ಮನೇಲಿ ಬಿಟ್ಟಿದ್ದೆ ತಾಯಿ. ಹನ್ನೆರಡು ಕಡೇನೂ ಪೂಜೆ ಆಗ್ಬುಟ್ಟಿದೆ!"

ಹನ್ನೆರಡೂ ರೇಡಿಯೋ ಮಾರಾಟವಾಗಿ ಅಂಗಡಿಗಳು ಉಳಿದವು, ಅವರೇ ಎಲ್ಲಕ್ಕೂ ಹಿರಿಯ ಅಧಿಕಾರಿಯಾದರು. ಮರುವರ್ಷ ನವರಾತ್ರಿಯಲ್ಲಿ ಅವರು ಟೇಬಲ್ ಫ್ಯಾನ್ ಹಿಡಿದು ಬಂದಾಗ ನಮ್ಮ ಯಜಮಾನರು ಗೇಟಿಗೇ ಅಡ್ಡ ನಿಂತು, "ಹಬ್ಬ ಕಳೀಲಿ ಸ್ವಾಮಿ, ಆಮೇಲೆ ತನ್ನಿ" ಎಂದು ಕೈಮುಗಿದರು. ಒಳಗೆ ಅತ್ತೆ ಆಗಲೇ ಮೇಜು ಒರೆಸುತ್ತಿದ್ದರು.